ಒಂದು ಮನೆಗೆ ಒಂದೇ ನಂಬರು

ನನಗೊಂದು ಚಟವಿದೆ. ಕಂಡ ವಸ್ತುವಿನ ಮೇಲೆಲ್ಲ ನಂಬರು ಬರೆಯುವುದು. ಬೀಡಿಯಿಲ್ಲ, ತಂಬಾಕಿಲ್ಲ, ಇಸ್ಪೀಟಿಲ್ಲ, ಇಷ್ಟಾದರೂ ಬೇಡವೇ? ನಮ್ಮ ಮನೆಯ ಏಣಿಗೆ ನಂಬರಿದೆ, ಕೊಡಗಳಿಗಿದೆ, ಬೀಗಕ್ಕೂ ಕೀಲಿಗೂ ಇದೆ. ಅಡುಗೆಮನೆಯ ಡಬ್ಬಿಗಳಲ್ಲಿ ಒಂದು ಎಂದರೆ ಸಾಸಿವೆ, ಏಳು ಎಂದರೆ ಉಂಡಿ. ಒಮ್ಮೆ ಎಮ್ಮೆಯ ಕೋಡಿನ ಮೇಲೂ ಬರೆಯಲು ಹೋಗಿದ್ದೆ. ನನ್ನ ಹೆಂಡತಿ ಶಾಂತವ್ವ ಬ್ರಶ್ಶು ಕಸಿದುಕೊಂಡಳು.

"ಇರೂದ ಒಂದ ಎಮ್ಮಿ. ಅದಕ ನಂಬರ ಯಾಕ ಬೇಕ್ರಿ?"

ಆಮೇಲೆ ಇನ್ನೊಂದು ಎಮ್ಮೆ ಬಂದರೆ ಗೊಂದಲವಾಗುತ್ತದೆ ಎಂದೆ. ಇನ್ನೊಂದು ಎಮ್ಮೆ ಬರಲಿಲ್ಲ, ಆ ಮಾತು ಬೇರೆ.

ಈ ಚಟ ಬಂದದ್ದು ನೌಕರಿಯಿಂದ. ಮೂವತ್ತೆರಡು ವರ್ಷ ತೇರಗಾಂವದಲ್ಲೂ ಸುತ್ತಲ ಹಳ್ಳಿಗಳಲ್ಲೂ ಸೈಕಲ್ಲಿನ ಮೇಲೆ ಟಪಾಲು ಹಂಚಿದವನು ನಾನು. ನೌಕರಿಗೆ ಸೇರಿದ ಹೊಸತರಲ್ಲಿ ಊರಿನ ಮನೆಗಳಿಗೆಲ್ಲ ಹೊಸ ನಂಬರು ಹಾಕಿದರು. ಹಳೆಯದನ್ನು ಅಳಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಹೀಗಾಗಿ ಪ್ರತಿ ಬಾಗಿಲಿನ ಎಡಕ್ಕೊಂದು ನಂಬರು, ಬಲಕ್ಕೊಂದು ನಂಬರು. ಅದೇ ಸಮಯಕ್ಕೆ ಮುಂಡಗೋಡ ಕಡೆಯ ಗಂಡಿನವರು ಒಂದು ಕಾರ್ಡು ಬರೆದರು: ಸೋಮವಾರ ಹುಡುಗಿ ನೋಡಲು ಬರುತ್ತೇವೆ. ನಾನು ಆ ಕಾರ್ಡನ್ನು ನಂಬರು ನೋಡಿಕೊಂಡೇ ಕೊಟ್ಟೆ. ಯಾವ ಮನೆಗೆ ಅದು ಹೊಸ ನಂಬರೋ ಅಲ್ಲಿಗಲ್ಲ, ಯಾವ ಮನೆಗೆ ಹಳೆ ನಂಬರೋ ಅಲ್ಲಿಗೆ. ಅಲ್ಲೂ ಒಬ್ಬ ಹುಡುಗಿಯಿದ್ದಳು. ಸೋಮವಾರ ಆ ಮನೆಯವರು ಉಪ್ಪಿಟ್ಟು, ಶಿರಾ ಮಾಡಿ, ಪಡಸಾಲೆಗೆ ಜಮಖಾನೆ ಹಾಸಿ ಕಾಯುತ್ತ ಕುಳಿತರು. ಗಂಡಿನವರು ಸರಿಯಾದ ಮನೆಗೇ ಹೋದರು. ಅಲ್ಲಿ ನೋಡಬೇಕಾದ ಹುಡುಗಿ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಎಮ್ಮೆ ತೊಳೆಯುತ್ತಿದ್ದಳು. ಗಂಡಿಗೆ ಅದೇ ಹಿಡಿಸಿ ಮದುವೆಯಾಯಿತು. ಉಪ್ಪಿಟ್ಟು ಮಾಡಿದವರು ಮಾತ್ರ ಎಷ್ಟೋ ವರ್ಷ ನನ್ನ ಕೈಯಿಂದ ಪತ್ರ ಇಸಿದುಕೊಳ್ಳುವಾಗ ಮುಖ ಆ ಕಡೆ ತಿರುಗಿಸುತ್ತಿದ್ದರು.

ಅಂದು ನಾನೊಂದು ಪಾಠ ಕಲಿತೆ. ಒಂದು ಮನೆಗೆ ಒಂದೇ ನಂಬರು ಇರಬೇಕು. ಈ ಪಾಠದಲ್ಲಿ ಅರ್ಧ ತಪ್ಪಿದೆ ಎಂದು ತಿಳಿಯಲು ನನಗೆ ನಿವೃತ್ತಿಯಾಗಿ ಒಂಬತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಇಬ್ಬರು ಅಕ್ಕತಂಗಿಯರ ನಡುವೆ ಬೆಂಕಿ ಹಚ್ಚಿ ಮುಗಿದಿತ್ತು.

ಶಾಂತವ್ವನಿಗೆ ಒಬ್ಬಳೇ ಅಕ್ಕ, ಗಂಗಕ್ಕ. ಅವರನ್ನು ಕೊಟ್ಟದ್ದು ಜೋಯಿಡಾ ತಾಲೂಕಿನ ಕುಂಬಾರವಾಡಕ್ಕೆ. ಮಗ, ಸೊಸೆ, ಮೊಮ್ಮಕ್ಕಳು, ಭತ್ತದ ಗದ್ದೆ ಎಲ್ಲ ಇರುವ ತುಂಬಿದ ಮನೆ. ಅಕ್ಕತಂಗಿಯರಿಬ್ಬರೂ ಒಂದೇ ಲಂಗ ಹಂಚಿಕೊಂಡು ಬೆಳೆದವರು. ಅಂಥವರು ಆರು ವರ್ಷ ಮಾತು ಬಿಟ್ಟಿದ್ದರು. ಕಾರಣ ಏನು ಅಂದರೆ, ಹಳಿಯಾಳದಲ್ಲಿ ಬಳಗದ ಒಂದು ಮದುವೆ. ಶಾಂತವ್ವ ಹಿಂದಿನಿಂದ "ಅಕ್ಕಾ, ಅಕ್ಕಾ" ಎಂದು ಮೂರು ಸಲ ಕರೆದಳು. ಗಂಗಕ್ಕ ತಿರುಗಿ ನೋಡದೆ ಊಟದ ಪಂಕ್ತಿಗೆ ಹೋಗಿ ಕುಳಿತರು. ನಾಲ್ಕು ಮಂದಿಯ ಮುಂದೆ ಅವಮಾನವಾಯಿತು ಎಂದು ಶಾಂತವ್ವ ಬೀಗರ ಮನೆಯ ಹೋಳಿಗೆಯನ್ನೂ ಮುಟ್ಟದೆ ಎದ್ದು ಬಂದಳು. ಹೋಳಿಗೆ ಬಿಟ್ಟು ಬಂದಳು ಅಂದಾಗಲೇ ವಿಷಯ ಗಂಭೀರ ಎಂದು ನನಗೆ ಗೊತ್ತಾಯಿತು.

ಆರು ವರ್ಷದ ಮೇಲೆ ಗಂಗಕ್ಕನ ಮಗ ಅವರನ್ನು ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಎರಡೂ ಕಿವಿ ಹೋಗಿ ಬಹಳ ವರ್ಷವಾಗಿದೆ ಎಂದರಂತೆ. ಗಂಗಕ್ಕ ಯಾರಿಗೂ ಹೇಳದೆ, ಎದುರಿದ್ದವರ ಬಾಯಿ ನೋಡಿ ನೋಡಿ ಅಂದಾಜಿನ ಮೇಲೆ ಸಂಸಾರ ನಡೆಸಿದ್ದರು. ಹಿಂದಿನಿಂದ ಕರೆದವರ ಬಾಯಿ ಕಾಣುವುದು ಹೇಗೆ? ಸುದ್ದಿ ಕೇಳಿದ ಶಾಂತವ್ವ ಎರಡು ದಿನ ಅತ್ತಳು. ಮೂರನೆಯ ದಿನ ಕಣ್ಣು ಒರೆಸಿಕೊಂಡು, "ನಮ್ಮ ಮನೀಗೆ ಆ ವೈಫೈ ಹಾಕಸ್ರಿ" ಎಂದಳು.

ಅದು ಸರಿಯಾದ ಮಾತೇ. ಗಂಗಕ್ಕನ ಕಿವಿಗೆ ಹಾಕಿದ ಯಂತ್ರದಲ್ಲಿ ಹಿಟ್ಟಿನ ಗಿರಣಿಯ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ ಎಂದು ಅವರು ಅದನ್ನು ತೆಗೆದು ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದರು. ಬರಿ ಫೋನು ಅವರಿಗೆ ಕಲ್ಲಿಗೆ ಸಮ. ಮುಖ ಕಾಣಬೇಕು, ಬಾಯಿ ಕಾಣಬೇಕು. ಅದರಲ್ಲೂ ಅವರಿಗೆ ಪೂರ್ತಿ ಓದಲು ಬರುತ್ತಿದ್ದ ಬಾಯಿ ಒಂದೇ, ತಂಗಿಯದು. ನಮ್ಮ ಓಣಿಯೋ ತಗ್ಗಿನಲ್ಲಿದೆ. ಅಂಗಳದ ತುದಿಗೆ ಹೋಗಿ ನಿಂತರೆ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ಲು ಬರುತ್ತದೆ. ಮಾತಿಗೆ ಸಾಕು, ಮುಖಕ್ಕೆ ಸಾಲದು. ಆ ಕಡೆ ಕುಂಬಾರವಾಡದಲ್ಲಿ ಗಂಗಕ್ಕನ ಮನೆಯಿಂದ ಸ್ವಲ್ಪ ನಡೆದರೆ ಒಂದು ಕಿರಾಣಿ ಅಂಗಡಿ, ಅಲ್ಲಿ ವೈಫೈ ಇತ್ತು. ಮಗನ ಹಳೆ ಮೊಬೈಲು ಹಿಡಿದುಕೊಂಡು ಗಂಗಕ್ಕ ದಿನಾ ನಾಲ್ಕು ಗಂಟೆಗೆ ಆ ಅಂಗಡಿಯ ಕಟ್ಟೆಗೆ ಬರುವುದು, ಇಲ್ಲಿ ಶಾಂತವ್ವ ಮುಖ ತೊಳೆದು, ಕುಂಕುಮ ಹಚ್ಚಿ ಕೂಡುವುದು. ಆರು ವರ್ಷದ ಬಾಕಿ ಮಾತು. ಯಾರ ಸೊಸೆ ಬಸುರಿ, ಯಾವ ಆಕಳು ಈದಿತು, ಜೋಳದ ರೊಟ್ಟಿಗೆ ನೀರೆಷ್ಟು ಹೊತ್ತು ಕುದಿಯಬೇಕು. ಅರವತ್ತು ವರ್ಷ ರೊಟ್ಟಿ ಬಡಿದವರಿಗೆ ನೀರಿನ ಮಾತು ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬಾರದು ಎನ್ನುವಷ್ಟು ಬುದ್ಧಿ ನನಗಿದೆ.

ನಾನು ಹಾಕಿಸಿದ ವೈಫೈ ಡಬ್ಬಿ ಇದ್ದದ್ದು ಪಡಸಾಲೆಯಲ್ಲಿ. ಅಲ್ಲಿ ಯಾವಾಗಲೂ ಯಾರಾದರೂ ಚಹಾಕ್ಕೆ ಬಂದು ಕುಳಿತಿರುತ್ತಾರೆ. ಗಂಡಸರ ಮುಂದೆ ಅಕ್ಕನ ಹತ್ತಿರ ಏನು ಮಾತಾಡಲಿ ಎಂದು ಶಾಂತವ್ವ ಹಿಂದಿನ ಖೋಲಿಗೆ ಹೊರಟಳು. ನಮ್ಮದು ಮಣ್ಣಿನ ಗೋಡೆಯ ಮನೆ, ಗೋಡೆ ಒಂದು ಮೊಳ ದಪ್ಪ. ಹಿಂದಿನ ಖೋಲಿಗೆ ಸಿಗ್ನಲ್ಲು ಹೋಗಲಿಲ್ಲ. ಆಗ ಹಳಿಯಾಳದಿಂದ ಮೌಲಾಸಾಬರು ಬಂದರು. ನನಗಿಂತ ಎರಡು ವರ್ಷ ಚಿಕ್ಕವರು. ಮೊದಲು ರೇಡಿಯೋ ರಿಪೇರಿ, ಆಮೇಲೆ ಟಿವಿ, ಆಮೇಲೆ ಪಂಪಿನ ಮೋಟಾರು, ಈಗ ವೈಫೈ. ಅವರು ಪಡಸಾಲೆಯ ಡಬ್ಬಿಯಿಂದ ತೊಲೆಗುಂಟ ಒಂದು ವಾಯರು ಎಳೆದು, ಹಿಂದಿನ ಖೋಲಿಯಲ್ಲಿ ಎರಡನೆಯ ಡಬ್ಬಿ ಕೂರಿಸಿದರು. ಅಷ್ಟರಲ್ಲಿ ಹಳಿಯಾಳದ ಬಸ್ಸಿನ ಹೊತ್ತಾಯಿತು.

"ಅಣ್ಣಾರ, ಇನ್ನೊಂದೀಟ ಸೆಟ್ಟಿಂಗ್ ಉಳದೈತಿ. ನಾಳೆ ಬಂದ ಮಾಡತೇನಿ. ನೀವು ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದರು.

ಮುಟ್ಟಬೇಡಿ ಎಂದು ಹೇಳಿ ಹೋದ ಮೇಲೆ ಮನುಷ್ಯ ಎಷ್ಟು ಹೊತ್ತು ಸುಮ್ಮನಿರಬಹುದು? ನಾನು ಚಹಾ ಮುಗಿಯುವವರೆಗೆ ಇದ್ದೆ. ಡಬ್ಬಿಯ ಜೊತೆ ಬಂದ ಕಾಗದ ಓದಿದೆ. ಅದರಲ್ಲಿ ಹೇಳಿದಂತೆ ಮೊಬೈಲಿನಲ್ಲಿ ಒಂದು ಪುಟ ತೆರೆದೆ. ಅಲ್ಲಿ ಡಬ್ಬಿಯ ನಂಬರು ಕಾಣಿಸಿತು. ನಿಮಗೆ ಗೊತ್ತಿರಬಹುದು, ಈ ಡಬ್ಬಿಗಳಿಗೂ ಮನೆಗಳಂತೆ ನಂಬರಿರುತ್ತದೆ. ಪಡಸಾಲೆಯ ಡಬ್ಬಿಯ ಬೆನ್ನ ಮೇಲೆ ಅದರ ನಂಬರು ಅಚ್ಚಾಗಿತ್ತು, ಕೊನೆಯಲ್ಲಿ ಒಂದು. ಈ ಹೊಸದರ ಕೊನೆಯಲ್ಲಿ ನೋಡಿದರೆ ಇನ್ನೂರ ಐವತ್ತನಾಲ್ಕು. ನಮ್ಮ ಓಣಿಯಲ್ಲೇ ಅಷ್ಟು ಮನೆಗಳಿಲ್ಲ. ಒಂದೇ ಮನೆ, ಒಂದೇ ಹೊಸ್ತಿಲು, ಎರಡು ನಂಬರು! ನನ್ನ ಮುಂದೆ ಆ ಉಪ್ಪಿಟ್ಟು, ಆ ಜಮಖಾನೆ ಬಂದು ನಿಂತವು. ನಾನು ಅದನ್ನು ತಿದ್ದಿದೆ. ಎರಡಕ್ಕೂ ಒಂದೇ ನಂಬರು ಕೊಟ್ಟು, ಬಿಳಿ ಬಣ್ಣದಲ್ಲಿ ಹೊಸ ಡಬ್ಬಿಯ ತಲೆಯ ಮೇಲೂ ಬರೆದೆ. ಶಾಂತವ್ವ ಅದಕ್ಕೆ ವಿಭೂತಿ ಹಚ್ಚಿದಳು. ನಾಲ್ಕು ಗಂಟೆಗೆ ಹಿಂದಿನ ಖೋಲಿಯಲ್ಲಿ ಗಂಗಕ್ಕನ ಮುಖ ಕನ್ನಡಿಯಲ್ಲಿ ಬಂದ ಹಾಗೆ ಬಂತು. ಮರುದಿನ ಬರಬೇಕೆಂದಿದ್ದ ಮೌಲಾಸಾಬರಿಗೆ ಫೋನು ಮಾಡಿ, "ಬರೂದ ಬ್ಯಾಡ್ರಿ, ಎಲ್ಲಾ ಸರಿ ಆಗೇತಿ" ಎಂದೆ.

ಸರಿ ಇದ್ದದ್ದು ಎರಡು ದಿನ. ಆಮೇಲೆ ಶುರುವಾಯಿತು. ವೈಫೈ ಪೂರ್ತಿ ಇದೆ, ನೆಟ್ ಇಲ್ಲ. ಡಬ್ಬಿಯ ದೀಪಗಳೆಲ್ಲ ಹಸಿರು. ಯಾವ ದೀಪಕ್ಕೂ ನಾಚಿಕೆಯಿಲ್ಲ. ಬಂದ್ ಮಾಡಿ, ಹತ್ತು ಎಣಿಸಿ, ಚಾಲೂ ಮಾಡಿದರೆ ಹತ್ತು ನಿಮಿಷ ನೆಟ್ ಬರುವುದು, ಮತ್ತೆ ಹೋಗುವುದು. ಎರಡನೆಯ ಡಬ್ಬಿ ಬಂದ ಮೇಲೆಯೇ ಈ ರೋಗ ಬಂದದ್ದು ಎಂಬುದನ್ನು ನಾನು ಗಮನಿಸಿರಲಿಲ್ಲ ಎಂದುಕೊಳ್ಳಬೇಡಿ. ಗಮನಿಸಿದ್ದೆ. ಒಂದೇ ವಾಯರಿನಲ್ಲಿ ಎರಡು ಡಬ್ಬಿಗೆ ಸಾಕಾಗುವಷ್ಟು ನೆಟ್ ಬರುತ್ತಿಲ್ಲ, ಬೇಸಿಗೆಯಲ್ಲಿ ನಳದ ನೀರಿನ ಹಾಗೆ, ಎಂದು ತೀರ್ಮಾನಿಸಿದ್ದೆ.

ಆಮೇಲೆ ಒಂದೊಂದಾಗಿ ಅಪರಾಧಿಗಳನ್ನು ಹಿಡಿದೆ. ಮೊದಲು ಮಂಗಗಳು. ಹೊರಗಿನ ವಾಯರಿನ ಮೇಲೆ ಜೋತಾಡುವುದನ್ನು ನಾನೇ ಕಂಡಿದ್ದೆ. ಒಂದು ದಿನವಿಡೀ ಕವಣೆ ಹಿಡಿದು ಹಿತ್ತಲಲ್ಲಿ ಕಾದೆ. ಮಂಗ ಬರಲಿಲ್ಲ, ನೆಟ್ ಹೋಯಿತು. ಆಮೇಲೆ ಶಾಂತವ್ವನ ತಾಮ್ರದ ಹಂಡೆಗಳು. ಲೋಹ ಸಿಗ್ನಲ್ಲನ್ನು ತಡೆಯುತ್ತದೆ ಎಂದು ಎಲ್ಲೋ ಓದಿದ್ದೆ. ಹಂಡೆ, ಕೊಡ, ತಂಬಿಗೆ ಎಲ್ಲ ಅಟ್ಟಕ್ಕೆ ಹೋದವು. ಆಮೇಲೆ ವಿಭೂತಿ. ಅದನ್ನು ಒರೆಸಲು ಹೇಳಿದಾಗ ಶಾಂತವ್ವ ನನ್ನ ಮುಖ ನೋಡಿದ ರೀತಿಗೆ ನಾನೇ ಆ ಆರೋಪ ಹಿಂತೆಗೆದುಕೊಂಡೆ. ಕಂಪನಿಗೆ ಫೋನು ಮಾಡಿದರೆ ಒಬ್ಬ ಹುಡುಗಿ ಬಹಳ ಗೌರವದಿಂದ, "ಸರ್, ದೀಪ ಯಾವ ಬಣ್ಣ ಇದೆ?" ಎಂದು ಕೇಳಿದಳು. ಹಸಿರು ಎಂದೆ. "ಹಾಗಾದರೆ ನೆಟ್ ಇದೆ ಸರ್" ಎಂದಳು. ಎಷ್ಟು ಖಾತ್ರಿಯಿಂದ ಹೇಳಿದಳೆಂದರೆ ನಾನು ಇನ್ನೊಮ್ಮೆ ಹೋಗಿ ನೋಡಿ ಬಂದೆ. ಇರಲಿಲ್ಲ.

ಡಬ್ಬಿಯ ಮುಂದೆ ಕುಳಿತಾಗ ನಮ್ಮಪ್ಪನ ರೇಡಿಯೋ ನೆನಪಾಗುತ್ತಿತ್ತು. ಅದರ ಏರಿಯಲ್ ತಂತಿ ಹಿತ್ತಲಿನ ಪೇರಲ ಗಿಡದಲ್ಲಿತ್ತು. ಗಾಳಿಗೆ ತಂತಿ ಅಲುಗಾಡಿದರೆ ಧಾರವಾಡ ಆಕಾಶವಾಣಿ ಹೋಗಿ ಬರಿ ಕೊರಕೊರ ಉಳಿಯುತ್ತಿತ್ತು. ಅದಕ್ಕಾಗಿ ಅಪ್ಪ ನನ್ನನ್ನು ಗಿಡ ಹತ್ತಿಸಿ ತಂತಿ ಹಿಡಿದುಕೊಳ್ಳಲು ಕೂರಿಸುತ್ತಿದ್ದರು. ಒಳಗಿನಿಂದ "ಬಂತು, ಅಲ್ಲೇ ಹಿಡಿ" ಎಂದು ಕೂಗಿದರೆ ಅಲ್ಲೇ ಹಿಡಿಯಬೇಕು. ಇಡೀ ಓಣಿ ನಮ್ಮ ಪಡಸಾಲೆಯಲ್ಲಿ ಕುಳಿತು ನಾಟಕ ಕೇಳಿ ಅಳುತ್ತಿತ್ತು. ನಾನು ಗಿಡದಲ್ಲಿ ಪೇರಲಕಾಯಿ ತಿನ್ನುತ್ತ ಅದೇನು ಕಥೆ ಎಂದು ತಿಳಿಯದೆ ಬೆಳೆದೆ. ಮೌಲಾಸಾಬರಿಗೆ ಯಾಕೆ ಹೇಳಿಕಳಿಸಲಿಲ್ಲ ಎಂದು ನೀವು ಕೇಳಬಹುದು. ಒಂದು ಕಾಲಕ್ಕೆ ಧಾರವಾಡವನ್ನೇ ಕೈಯಲ್ಲಿ ಹಿಡಿದು ನಿಲ್ಲಿಸಿದವನು ಎಂಬ ಸೊಕ್ಕು. ಎಲ್ಲ ಸರಿಯಾಗಿದೆ ಎಂದು ನಾನೇ ಹೇಳಿದ್ದೆನಲ್ಲ, ಆ ನಾಚಿಕೆಯೂ ಇತ್ತು.

ಪಂಚಮಿಗೆ ಹದಿನೈದು ದಿನ ಇತ್ತು. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ತವರಿನವರು ಹೋಗಿ ಕರೆಯಬೇಕು; ಕರೆಯದೆ ಯಾವ ಹೆಣ್ಣುಮಗಳೂ ಬರುವುದಿಲ್ಲ. ಈ ಅಕ್ಕತಂಗಿಯರ ತವರುಮನೆಯಲ್ಲಿ ಈಗ ಯಾರೂ ಇಲ್ಲ. ಅಂದು ನಾಲ್ಕು ಗಂಟೆಗೆ ಗಂಗಕ್ಕ ಏನೇನೋ ಮಾತಾಡಿ, ಕೊನೆಗೆ ಸೆರಗಿನ ತುದಿ ತಿರುವುತ್ತ ಕೇಳಿದರು:

"ಶಾಂತಾ, ಪಂಚಮೀಗೆ ನಿನ್ನ ಮನೀಗೆ ಬರ್ಲೇನವ್ವ?"

ಎಪ್ಪತ್ತರ ಮೇಲಿನ ಹೆಂಗಸು, ತಾನೇ ಬಾಯಿಬಿಟ್ಟು, ತಂಗಿಯ ಮನೆಯನ್ನು ತವರು ಎಂದು ಕೇಳಿದ್ದು. ಸರಿಯಾಗಿ ಅದೇ ಗಳಿಗೆಗೆ ನಮ್ಮ ಬೆಕ್ಕು ಹಾಲಿನ ಪಾತ್ರೆಯ ಮುಚ್ಚಳಕ್ಕೆ ಕಾಲು ಹಾಕಿತು. ಶಾಂತವ್ವ ಹುಬ್ಬು ಗಂಟಿಕ್ಕಿ, ತುಟಿ ಬಿಗಿಹಿಡಿದು ಬೆಕ್ಕಿನತ್ತ ಒಂದು ನೋಟ ಬೀರಿದಳು. ತಿರುಗಿ, "ಬಾರವ್ವ, ಹದಿನೈದ ದಿನ ಇರ ಬಾ" ಎಂದಳು. ಹಾಗೆ ಅನ್ನುವ ಹೊತ್ತಿಗೆ ನೆಟ್ ಹೋಗಿತ್ತು. ಇಲ್ಲಿ ನಮ್ಮ ಮೊಬೈಲಿನಲ್ಲಿ ಗಂಗಕ್ಕ ಕೇಳಿದ ಭಂಗಿಯಲ್ಲೇ ನಿಂತಿದ್ದರು. ನಾನು ಓಡಿ ಎರಡೂ ಡಬ್ಬಿ ಬಂದ್ ಮಾಡಿ ಚಾಲೂ ಮಾಡಿದೆ. ನೆಟ್ ಬರುವಷ್ಟರಲ್ಲಿ ಆ ಕಡೆ ಮೊಬೈಲು ಎತ್ತುವವರು ಇರಲಿಲ್ಲ.

ಮರುದಿನ ನಾಲ್ಕಕ್ಕೆ ಗಂಗಕ್ಕ ಅಂಗಡಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಅಂಗಳದ ತುದಿಗೆ ಹೋಗಿ ನಿಂತು ಅವರ ಮಗನಿಗೆ ಫೋನು ಹಚ್ಚಿದೆ.

"ಏನ ಹೇಳ್ಲಿ ಕಾಕಾ" ಎಂದ ಅವನು. "ಅವ್ವ ಪಂಚಮೀಗೆ ಬರ್ಲೇನಂತ ಕೇಳಿದ್ಲಂತ. ಚಿಗವ್ವ ಸಿಟ್ಟಲೆ ನೋಡಿಕೋತ, ಬಾಯಿ ಬಿಗಿಹಿಡದು ಕುಂತಿದ್ಲಂತ. ಭಾಳ ಹೊತ್ತ ಹಂಗ ನೋಡಿ, ಆಮ್ಯಾಲೆ ಫೋನ ಕಟ್ ಮಾಡಿದ್ಲಂತ."

"ಅದು ನೆಟ್ ಹೋಗಿತ್ತೋ! ನಿಮ್ಮವ್ವಗ ಹೇಳಪಾ!"

"ಹೇಳೇನಿ ಕಾಕಾ. 'ಆರ ವರ್ಷನೂ ನೆಟ್ ಹೋಗಿತ್ತೇನು?' ಅಂದ್ಲು."

ಈ ಮಾತನ್ನು ನಾನು ಶಾಂತವ್ವನಿಗೆ ಹೇಳಬಾರದಿತ್ತು. ಹೇಳಿದೆ. ಅವಳು ಒಲೆಯ ಮುಂದೆ ಕುಳಿತವಳು ಏಳಲಿಲ್ಲ. ರೊಟ್ಟಿ ಹೊತ್ತಿ ಕರಿಯಾಗಿ, ಮನೆ ತುಂಬ ಹೊಗೆಯಾದರೂ ಏಳಲಿಲ್ಲ. ಅಂದು ನಾನು ಸೊಕ್ಕು, ನಾಚಿಕೆ ಎರಡನ್ನೂ ಗೂಟಕ್ಕೆ ಹಾಕಿ ಮೌಲಾಸಾಬರಿಗೆ ಫೋನು ಮಾಡಿದೆ.

ಅವರು ಬಂದರು. ಮಂಗ, ಹಂಡೆ, ಎಲ್ಲ ಕಥೆಯನ್ನೂ ತಾಳ್ಮೆಯಿಂದ ಕೇಳಿದರು. ಹಿಂದಿನ ಖೋಲಿಗೆ ಹೋಗಿ ಡಬ್ಬಿಯ ತಲೆಯ ಮೇಲೆ ನಾನು ಬಿಳಿ ಬಣ್ಣದಲ್ಲಿ ಬರೆದದ್ದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ನೋಡಿದರು.

"ಅಣ್ಣಾರ, ಈ ನಂಬರ ಯಾರ ಕೊಟ್ಟಾರ?"

"ನಾನ. ಒಂದ ಮನೀಗೆ ಒಂದ ನಂಬರ ಇರಬೇಕಲ್ರಿ?"

"ಅರೆ ಅಣ್ಣಾರ, ಒಂದ ಮನೀಗೆ ಎರಡ ನಂಬರ ಇದ್ದರೂ ನಡೀತೈತಿ. ಒಂದ ನಂಬರಕ್ಕ ಎರಡ ಮನಿ ಇದ್ದರ ಹೆಂಗ ನಡೀತೈತಿ? ನಿಮ್ಮ ಮೊಬೈಲು ಪಡಸಾಲಿ ಡಬ್ಬಿ ಹುಡುಕ್ಕೊಂತ ಹೊಕ್ಕೈತಿ. ಒಂದೊಂದ ಸಲ ಪಡಸಾಲಿಗೆ ಮುಟ್ಟತೈತಿ. ಒಂದೊಂದ ಸಲ ಈ ಡಬ್ಬಿ 'ನಾನ, ನಾನ' ಅಂತ ಕರದ ಕುಂಡ್ರಸ್ಕೋತೈತಿ. ಹೊರಗಿನ ನೆಟ್ ಬರೂದು ಪಡಸಾಲಿ ಡಬ್ಬಿಗೆ, ಇದರ ಹತ್ತರ ಎಲ್ಲಿಂದ ಬರಬೇಕು? ಎಷ್ಟ ವರ್ಷ ಟಪಾಲ ಹಂಚೀರಿ ನೀವು?"

ಆಗ ನನಗೆ ಹೊಳೆಯಿತು. ಅಂದು ಕಾರ್ಡು ತಪ್ಪಿದ್ದು ಒಂದು ಮನೆಗೆ ಎರಡು ನಂಬರಿದ್ದುದರಿಂದಲ್ಲ, ಒಂದೇ ನಂಬರು ಎರಡು ಮನೆಯ ಮೇಲಿದ್ದುದರಿಂದ. ಮೂವತ್ತೆರಡು ವರ್ಷ ಸೈಕಲ್ ತುಳಿದು ನಾನು ತಿರುವುಮುರುವಾದ ಪಾಠವನ್ನು ಬಾಯಿಪಾಠ ಮಾಡಿದ್ದೆ. ಮೌಲಾಸಾಬರು ಐದು ನಿಮಿಷದಲ್ಲಿ ಹಳೆಯ ಇನ್ನೂರ ಐವತ್ತನಾಲ್ಕನ್ನೇ ಮರಳಿ ಕೊಟ್ಟರು. ನೆಟ್ ಬಂತು, ಆಮೇಲೆ ಹೋಗಲೇ ಇಲ್ಲ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಶಾಂತವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಮೂರು ದಿನ ನಾಲ್ಕು ಗಂಟೆಗೆ ಅವಳು ಮುಖ ತೊಳೆದು ಕುಳಿತಳು. ಮಾಡಿದ ಕರೆಯೆಲ್ಲ ಬರಿದೇ ಬಡಿದುಕೊಂಡು ನಿಂತಿತು. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಏಳನೆಯ ನಂಬರಿನ ಡಬ್ಬಿಯಲ್ಲಿ ಶೇಂಗಾ ಉಂಡಿ ತುಂಬಿ ನನ್ನ ಕೈಗಿಟ್ಟಳು.

"ನನ್ನ ಮೊಣಕಾಲು ಬಸ್ಸ ಹತ್ತಾಕ ಬರೂದಿಲ್ಲ. ಆ ನಂಬರ ಬರದವರು ಹೋಗಿ ಕರಕೊಂಡ ಬರ್ರಿ."

ಹಳಿಯಾಳ, ದಾಂಡೇಲಿ, ಜೋಯಿಡಾ ಎಂದು ಮೂರು ಕಡೆ ಬಸ್ಸು ಬದಲಿಸಿ ಕುಂಬಾರವಾಡ ಮುಟ್ಟುವಾಗ ಮಧ್ಯಾಹ್ನ ಮೂರಾಗಿತ್ತು. ಗಂಗಕ್ಕ ಜಗುಲಿಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಬರ್ರಿ ಎಂದರು, ನೀರು ಕೊಟ್ಟರು, ತಂಗಿಯ ಹೆಸರು ಎತ್ತಲಿಲ್ಲ. ನಾನು ಎದುರಿಗೆ ಕುಳಿತು, ದಾರಿಯುದ್ದಕ್ಕೂ ಕಲಿತುಕೊಂಡು ಬಂದ ಮಾತನ್ನು ಬಾಯಿ ದೊಡ್ಡದು ಮಾಡಿ, ನಿಧಾನವಾಗಿ ಹೇಳಿದೆ. ತಪ್ಪು ನನ್ನದು ಎಂದೆ. ಎರಡು ಡಬ್ಬಿ ಎಂದೆ. ಒಂದೇ ನಂಬರು ಎಂದೆ. ಅವರು ಕಣ್ಣು ಕಿರಿದು ಮಾಡಿ ಪೂರ್ತಿ ನೋಡಿದರು.

"ನಿಮ್ಮ ಮೀಸಿಯೊಳಗ ಏನೂ ಕಾಣವಲ್ದು ರೀ" ಎಂದರು.

ನಲವತ್ತು ವರ್ಷದ ಮೀಸೆ. ಕೊನೆಗೆ ಮೊಮ್ಮಗಳ ನೋಟಬುಕ್ಕಿನ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಜೀವನದಲ್ಲಿ ಲಕ್ಷಗಟ್ಟಲೆ ಪತ್ರ ಮುಟ್ಟಿಸಿದವನು ನಾನು. ಸ್ವಂತ ಪತ್ರವನ್ನು ಸ್ವಂತ ಕೈಯಿಂದ ಕೊಟ್ಟದ್ದು ಇದೇ ಮೊದಲು. ಗಂಗಕ್ಕ ಅಕ್ಷರಕ್ಕೆ ಅಕ್ಷರ ಕೂಡಿಸಿ ಎರಡು ಸಲ ಓದಿದರು.

"ಡಬ್ಬಿ, ನಂಬರ, ಇವೆಲ್ಲ ನನಗ ತಿಳಿಯೂದಿಲ್ಲ. ಅಕಿ ಏನಂತಾಳ? ಅಕೀ ಬಾಯಿಂದ ನಾ ನೋಡಬೇಕು."

ಅಂಗಡಿಯ ಕಟ್ಟೆಗೆ ಬಂದೆವು. ಸರಿಯಾಗಿ ನಾಲ್ಕಕ್ಕೆ ಕರೆ ಹಚ್ಚಿದೆವು. ಒಂದೇ ರಿಂಗಿಗೆ ಶಾಂತವ್ವ ಎತ್ತಿದಳು. ಮುಖ ಬಂತು, ಕುಂಕುಮ ಬಂತು, ಹಿಂದಿನ ಗೋಡೆ ಬಂತು. ಅಷ್ಟೇ. ಆಮೇಲೆ ಏನೂ ಅಲುಗಾಡಲಿಲ್ಲ. ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿಹಿಡಿದಿದೆ, ಕಣ್ಣು ನೆಟ್ಟಗೆ ನಮ್ಮನ್ನೇ ನೋಡುತ್ತಿದೆ. ಹತ್ತು ಎಣಿಸಿದೆ. ಮತ್ತೆ ಹತ್ತು ಎಣಿಸಿದೆ. ಆ ಮುಖ ಹಾಗೇ ಇತ್ತು.

"ಮತ್ತ ಹೋತು!" ಎಂದು ಅಂಗಡಿಯ ಡಬ್ಬಿಯ ಸ್ವಿಚ್ಚಿಗೆ ನಾನು ಕೈ ಚಾಚಿದೆ. ಗಂಗಕ್ಕ ನನ್ನ ಮಣಿಕಟ್ಟು ಹಿಡಿದರು. ಅವರ ಕಣ್ಣು ಮೊಬೈಲಿನಿಂದ ಕದಲಿರಲಿಲ್ಲ.

"ಮುಟ್ಟಬ್ಯಾಡ್ರಿ. ನೆಟ್ ಐತಿ. ಅಳು ತಡಕೊಂಡಾಳ ಅಕಿ. ಸಣ್ಣಾಕಿ ಇದ್ದಾಗಿಂದ ಹಿಂಗ."

ಶಾಂತವ್ವನ ತುಟಿ ಒಂದು ಸಲ ನಡುಗಿತು. ಆಮೇಲೆ ಏನೋ ಹೇಳಿದಳು. ಅಂಗಡಿಯ ತಗಡಿನ ಮೇಲೆ ಮಳೆಯ ಸದ್ದು, ನನ್ನ ಎರಡು ಗಟ್ಟಿ ಕಿವಿಗೆ ಒಂದಕ್ಷರವೂ ಕೇಳಲಿಲ್ಲ. ಗಂಗಕ್ಕ ಪೂರ್ತಿ ಓದಿದರು. ಮೊಬೈಲನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

"ನಡೀರಿ, ಎರಡ ಸೀರಿ ತಗೋತೇನಿ. ಬಸ್ಸ ಎಷ್ಟಕ್ಕೈತಿ?"